ಸಹಾಯ ಬೇಕು: ಚಿಂಚಿಲಾಗಳ ಧೂಳುಸ್ನಾನಕ್ಕೆ ಎಂಥ ಪಾತ್ರೆ ಸೂಕ್ತ?

ಎಲ್ಲರಿಗೂ ನಮಸ್ಕಾರ. ಬಸವನಗುಡಿಯ ನಮ್ಮ ಮನೆಯಲ್ಲಿ ಎರಡು ಚಿಂಚಿಲಾಗಳಿದ್ದು (ಅಳಿಲು-ಇಲಿಗಳಂತೆ ಕಡಿಯುವ ಹಲ್ಲಿನ ಸಣ್ಣ ಸಾಕುಪ್ರಾಣಿಗಳು), ಅವುಗಳ ಧೂಳುಸ್ನಾನಕ್ಕೆ ತಕ್ಕ ಪಾತ್ರೆಯನ್ನು ಆರಿಸಲು ಅನುಭವಸ್ಥರ ಸಲಹೆ ಕೋರುತ್ತಿದ್ದೇನೆ. ಆಂಡಿಸ್ ಪರ್ವತಗಳ ಒಣ ಹವೆಗೆ ಹೊಂದಿಕೊಂಡ ಈ ಪ್ರಾಣಿಗಳ ತುಪ್ಪಳ ಬಹಳ ದಟ್ಟವಾಗಿರುವುದರಿಂದ ಒಮ್ಮೆ ನೀರಿನಲ್ಲಿ ತೊಯ್ದರೆ ಬೇಗ ಒಣಗುವುದಿಲ್ಲ. ಹಾಗಾಗಿ ವಾರಕ್ಕೆ 2-3 ಬಾರಿ, 10-15 ನಿಮಿಷಗಳ ಕಾಲ, ನುಣ್ಣನೆಯ ಪ್ಯೂಮಿಸ್ (ಜ್ವಾಲಾಮುಖಿಯ ಹಗುರ ಕಲ್ಲು) ಪುಡಿಯಲ್ಲಿ ಹೊರಳಾಡಲು ಬಿಡುತ್ತೇವೆ.

ಇದುವರೆಗೆ ಬಳಸುತ್ತಿದ್ದ ಪ್ಲಾಸ್ಟಿಕ್ ಡಬ್ಬದ ಅಂಚನ್ನು ಅವು ಕಡಿದು ಕಡಿದು ಗರಗಸದ ಹಲ್ಲಿನಂತೆ ಮಾಡಿಬಿಟ್ಟಿವೆ. ಚೂರುಗಳು ಹೊಟ್ಟೆಗೆ ಹೋದರೆ ಕರುಳು ಕಟ್ಟಿಕೊಳ್ಳಬಹುದೆಂಬ ಭಯದಿಂದ ಅದನ್ನು ಕಂಡ ದಿನವೇ ತೆಗೆದಿಟ್ಟೆ. ಅನಂತರ ಅಗಲವಾದ ಸ್ಟೀಲ್ ಬೋಗುಣಿಯನ್ನು ಇಟ್ಟು ನೋಡಿದೆ. ಹೆಣ್ಣು ಚಿಂಚಿಲಾ ಒಂದೆರಡು ಬಾರಿ ಹೊರಳುವಷ್ಟರಲ್ಲಿ ಬೋಗುಣಿ ವಾಲಿತು; ಎದ್ದ ಧೂಳು ಕಿಟಕಿಯ ಸರಳುಗಳ ಮೇಲೆ ಬೂದಿಯಂತೆ ಕುಳಿತಿತು.

ದಪ್ಪ ಗಾಜಿನ ಜಾಡಿಯನ್ನು ಅಡ್ಡ ಮಲಗಿಸಿ ಇಡಬಹುದು, ಆದರೆ ಅದು ಉರುಳದಂತೆ ಆಧಾರ ಬೇಕು. ಬೆಂಗಳೂರಿನ ಕುಂಬಾರರ ಬಡಾವಣೆಯಾದ ಪಾಟರಿ ಟೌನ್‌ನಲ್ಲಿ ಪಕ್ಕಕ್ಕೆ ಬಾಯಿರುವ, ತಳ ಚಪ್ಪಟೆಯಾದ ಮಡಕೆಯನ್ನು ಹೇಳಿ ಮಾಡಿಸುವುದು ನನಗೆ ಹೆಚ್ಚು ಹಿಡಿಸಿದೆ, ಏಕೆಂದರೆ ಅದು ಭಾರವಾಗಿರುತ್ತದೆ, ನಮ್ಮ ಏಪ್ರಿಲ್ ಬಿಸಿಲಿನಲ್ಲೂ ತಂಪಾಗಿರುತ್ತದೆ. ಆದರೆ ಮಳೆಗಾಲದಲ್ಲಿ ಮಣ್ಣು ತೇವ ಹೀರಿಕೊಂಡು ಪುಡಿ ಗಂಟುಕಟ್ಟುವುದೇ? ಒಳಮೈಗೆ ಮೆರುಗು ಕೊಡಿಸಬೇಕೇ? ಎರಡೂ ಒಟ್ಟಿಗೆ ಹೊರಳಲು ಬಾಯಿ ಎಷ್ಟು ಅಗಲವಿರಬೇಕು? ಇಂಥ ಮಡಕೆಯನ್ನು ಬಳಸಿದವರು ಅದರ ಅಳತೆ ಮತ್ತು ಚಿತ್ರವನ್ನು ಹಂಚಿಕೊಂಡರೆ ತುಂಬಾ ಉಪಕಾರವಾಗುತ್ತದೆ.