ಕಡುನೀಲಿ, ತಿಳಿಹಳದಿ: ಯಾವ ಗೋಡೆಗೆ ಯಾವುದು?

ಪ್ರಶ್ನೆ
ಕೋಣೆ 12x10 ಅಡಿ, ಗೋಡೆ 9 ಅಡಿ ಎತ್ತರ. ಕಿಟಕಿ ಒಂದೇ, 10 ಅಡಿಯ ಗೋಡೆಯಲ್ಲಿದೆ. ಮೂರು ಗೋಡೆಗೆ ತಿಳಿಹಳದಿ, ಒಂದಕ್ಕೆ ಕಡುನೀಲಿ ಹೊಡೆಸುವ ಯೋಚನೆ. ಶೇಡ್ ಕಾರ್ಡಿನಲ್ಲಿ ಜೋಡಿ ಚೆನ್ನಾಗಿಯೇ ಕಾಣುತ್ತದೆ. ನೀಲಿಗೆ ಯಾವ ಗೋಡೆ ಸರಿ? ಎಷ್ಟು ಬಣ್ಣ ಬೇಕಾದೀತು?

ಉತ್ತರ 1
ಕಿಟಕಿ ಇರುವ ಗೋಡೆಗೆ ಮಾತ್ರ ನೀಲಿ ಬೇಡ. ಹೊರಗಿನ ಬೆಳಕಿನ ಪಕ್ಕದಲ್ಲಿ ಅದು ಕಪ್ಪಾಗಿ ಕಾಣುತ್ತದೆ, ಕಿಟಕಿ ಕಣ್ಣು ಕುಕ್ಕುತ್ತದೆ. ಅಕ್ಕಪಕ್ಕದ ಗೋಡೆಗಳ ಮೇಲೆ ಬೆಳಕು ಓರೆಯಾಗಿ ಬೀಳುವುದರಿಂದ ಪುಟ್ಟಿಯ ಉಬ್ಬುತಗ್ಗೆಲ್ಲ ಎದ್ದು ಕಾಣುತ್ತದೆ. ಬಣ್ಣಕ್ಕೆ ಹೊಳಪಿದ್ದರಂತೂ ಇನ್ನೂ ಹೆಚ್ಚು. ಉಳಿದದ್ದು ಎದುರಿನ ಗೋಡೆ. ಅಲ್ಲಿ ನೀಲಿ ನೀಲಿಯಾಗಿಯೇ ಕಾಣುತ್ತದೆ. ಕೋಣೆ ತುಸು ಮಂಕಾಗುವುದು ಖಂಡಿತ, ಚಾವಣಿ ಬಿಳಿಯೇ ಇರಲಿ.

ಇನ್ನು ಹಳದಿ. ಒಂದು ಗೋಡೆಯ ಹಳದಿ ಇನ್ನೊಂದಕ್ಕೆ ಬಡಿದು ಕಾರ್ಡಿನಲ್ಲಿ ಕಂಡದ್ದಕ್ಕಿಂತ ಗಾಢವಾಗುತ್ತದೆ. ಅದೇ ಸಾಲಿನಲ್ಲಿ ಒಂದು ಶೇಡ್ ತಿಳಿಯಾದದ್ದನ್ನೇ ಆರಿಸಿ.

ಉತ್ತರ 2
ಕಾರ್ಡ್ ನೋಡಿ ನಿರ್ಧರಿಸಬೇಡಿ. 2x2 ಅಡಿಯ ಎರಡು ರಟ್ಟಿಗೆ ಎರಡೆರಡು ಕೋಟ್ ಹಚ್ಚಿ, ಒಣಗಿದ ಮೇಲೆ (ಎಮಲ್ಷನ್, ಅಂದರೆ ನೀರು ಬೆರೆಸುವ ಗೋಡೆ ಬಣ್ಣ, ಹಸಿಯಿದ್ದಾಗ ತಿಳಿಯಾಗಿ ಕಂಡು ಮೋಸ ಮಾಡುತ್ತದೆ) ಆಯಾ ಗೋಡೆಗೆ ಒರಗಿಸಿ ಹಗಲೂ ರಾತ್ರಿಯೂ ನೋಡಿ. 2700 ಕೆಲ್ವಿನ್ ಬಲ್ಬಿನ (ಹಳದಿ ಛಾಯೆಯದು) ಬೆಳಕಲ್ಲಿ ನೀಲಿ ಅಂಶ ಕಡಿಮೆ, ಹಾಗಾಗಿ ಕಡುನೀಲಿ ಕಪ್ಪಿಗೆ ತಿರುಗುತ್ತದೆ. 4000 ಕೆಲ್ವಿನ್ (ಬಿಳಿ ಬೆಳಕು) ಆದರೆ ನೀಲಿ ಬಿಡಿಸಿ ಕಾಣುತ್ತದೆ, ಹಳದಿ ಸ್ವಲ್ಪ ಸಪ್ಪೆ.

ಎದುರಿನ ಗೋಡೆ 90 ಚದರಡಿ. ಕಡು ಬಣ್ಣದ ಬೇಸಿನಲ್ಲಿ (ಅಂಗಡಿಯಲ್ಲಿ ಶೇಡ್ ಬೆರೆಸುವ ಮೂಲ ಪೇಂಟ್) ಬಿಳಿ ಪಿಗ್ಮೆಂಟ್ ಕಡಿಮೆ ಇರುವುದರಿಂದ ಬಿಳಿ ಪ್ರೈಮರ್ ಮೇಲೆ ಎರಡೇ ಕೋಟಿಗೆ ತೇಪೆತೇಪೆಯಾಗುವುದುಂಟು. ಪ್ರೈಮರ್ ಬೂದು ಬಣ್ಣದ್ದಿರಲಿ. ಮೂರು ಕೋಟಿನ ಲೆಕ್ಕಕ್ಕೆ ಎರಡೂವರೆ ಲೀಟರ್ ಇಟ್ಟುಕೊಳ್ಳಿ. ಒಂದಕ್ಕಿಂತ ಹೆಚ್ಚು ಡಬ್ಬಿ ಬಂದರೆ ಎಲ್ಲವನ್ನೂ ಒಂದೇ ಬಕೆಟ್ಟಿಗೆ ಸುರಿದು ಕಲಸಿ.

ಪ್ರಶ್ನೆ ಕೇಳಿದವರು
ಎದುರಿನ ಗೋಡೆಯೇ ಆಗಲಿ. ಮೂಲೆಯಲ್ಲಿ ಟೇಪ್ ಅಂಟಿಸಿದರೂ ನೀಲಿ ಒಳಗೆ ನುಗ್ಗುತ್ತದಂತೆ?

ಉತ್ತರ 3
ನುಗ್ಗುತ್ತದೆ, ಅದಕ್ಕೇ ಹಳದಿ ಮೊದಲು. ಅದು ಒಂದು ದಿನ ಒಣಗಲಿ. ಹಳದಿಯ ಬದಿಗೆ ಟೇಪ್ ಹಾಕಿ ಅಂಚನ್ನು ಉಗುರಿನಿಂದ ಒತ್ತಿ, ಆ ಅಂಚಿನ ಮೇಲೆ ಮತ್ತೆ ಹಳದಿಯನ್ನೇ ಬ್ರಷ್ಷಿನಿಂದ ತೆಳ್ಳಗೆ ಎಳೆಯಿರಿ. ಟೇಪಿನಡಿ ನುಗ್ಗುವುದೇನಿದ್ದರೂ ಹಳದಿಯೇ, ಸಂದು ಮುಚ್ಚಿಹೋಗುತ್ತದೆ. ಅದು ಒಣಗಿದ ಮೇಲೆ ನೀಲಿ. ಕೊನೆಯ ಕೋಟ್ ಹಸಿಯಿರುವಾಗಲೇ ಟೇಪನ್ನು ಓರೆಯಾಗಿ, ನಿಧಾನಕ್ಕೆ ಕೀಳಿ. ಪೂರ್ತಿ ಒಣಗಿಬಿಟ್ಟಿದ್ದರೆ ಮೊದಲು ಅಂಚಿಗೆ ಬ್ಲೇಡ್ ಆಡಿಸಿ, ಇಲ್ಲವಾದರೆ ಬಣ್ಣದ ಪದರವೂ ಕಿತ್ತು ಬರುತ್ತದೆ.

ಅಂಚಿಗೆಲ್ಲ ಬ್ರಷ್ ಹೊಡೆದಿಟ್ಟು ಗಂಟೆ ಬಿಟ್ಟು ರೋಲರ್ ಹಿಡಿದರೆ ಕಡುನೀಲಿಯಲ್ಲಿ ಸುತ್ತ ಚೌಕಟ್ಟು ಕಟ್ಟಿದಂತೆ ಕಾಣುತ್ತದೆ. ಮೂರಡಿ ಬ್ರಷ್, ಕೂಡಲೇ ಮೂರಡಿ ರೋಲರ್, ಹೀಗೆ ಮುಂದುವರಿಯಿರಿ.