ಅನ್ನನಾಳದ ಕ್ಯಾನ್ಸರ್: ರೇಡಿಯೇಶನ್ ನಡುವೆ ಲಿಂಫೋಸೈಟ್ ಕುಸಿದರೆ

ಪ್ರಶ್ನೆ: ಅನ್ನನಾಳದ ಸ್ಕ್ವಾಮಸ್ ಕ್ಯಾನ್ಸರ್. ಆಪರೇಷನ್‌ಗೆ ಮುಂಚೆ ವಾರಕ್ಕೆ ಐದು ದಿನದಂತೆ 23 ದಿನದ ರೇಡಿಯೇಶನ್ (ಒಟ್ಟು ಡೋಸ್ 41.4 ಗ್ರೇ), ಜೊತೆಗೆ ವಾರಕ್ಕೊಮ್ಮೆ ಪ್ಯಾಕ್ಲಿಟ್ಯಾಕ್ಸೆಲ್, ಕಾರ್ಬೊಪ್ಲಾಟಿನ್ ಕಿಮೋ. ನಾಲ್ಕನೇ ವಾರ ಬಿಳಿ ರಕ್ತಕಣ 3,200, ಅದರಲ್ಲಿ ರೋಗದ ವಿರುದ್ಧ ಹೋರಾಡುವ ಲಿಂಫೋಸೈಟ್ ಶೇ. 8. ರೇಡಿಯೇಶನ್ ರೋಗನಿರೋಧಕ ಶಕ್ತಿಯನ್ನು ಎಚ್ಚರಿಸುತ್ತದೆ ಅಂತಾರೆ, ಇಲ್ಲಿ ಇಳಿದಿದೆಯಲ್ಲ?

ಉತ್ತರ: ಎರಡೂ ನಿಜ. ಗಡ್ಡೆಯೊಳಗೆ ಎಚ್ಚರಿಸುತ್ತದೆ, ರಕ್ತದಲ್ಲಿ ಇಳಿಸುತ್ತದೆ.

ಮೊದಲು ಲೆಕ್ಕ. ಶೇಕಡಾವಾರು ನೋಡಿ ನಿರ್ಧರಿಸಬೇಡಿ, ಸಂಖ್ಯೆ ತೆಗೆಯಿರಿ: 3,200ರಲ್ಲಿ ಶೇ. 8 ಅಂದರೆ 256. ವಯಸ್ಕರಲ್ಲಿ ಇದು ಸಾಮಾನ್ಯವಾಗಿ 1,000ಕ್ಕಿಂತ ಮೇಲಿರುತ್ತದೆ. 200ರಿಂದ 500ರೊಳಗೆ ಮೂರನೇ ದರ್ಜೆಯ ಕೊರತೆ, 200ಕ್ಕಿಂತ ಕೆಳಗೆ ನಾಲ್ಕನೆಯದು. ನಾಲ್ಕನೇ ದರ್ಜೆಗೆ ಇಳಿದವರಲ್ಲಿ ಕಾಯಿಲೆ ಮರಳುವುದು ಹೆಚ್ಚು ಎಂದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಅದಕ್ಕೇ ವರದಿಯ ಈ ಸಾಲನ್ನು ದಾಟಿಹೋಗಬಾರದು.

ಇಳಿಯುವುದೇಕೆ? ಕಿರಣ ತಾಗಿದಾಗ ಉಳಿದ ಬಹುಪಾಲು ಕೋಶಗಳು ವಿಭಜನೆಯ ಹೊತ್ತಿಗೆ ಸಾಯುತ್ತವೆ. ಲಿಂಫೋಸೈಟ್ ಸುಮ್ಮನೆ ಹರಿಯುತ್ತಿರುವಾಗಲೇ ಸಾಯುತ್ತದೆ, ಅದಕ್ಕೆ ಒಂದೆರಡು ಗ್ರೇ ಸಾಕು. ಅನ್ನನಾಳದ ಮುಂದೆ ಹೃದಯ, ಪಕ್ಕದಲ್ಲಿ ಮಹಾಪಧಮನಿ, ಹಿಂದೆ ಬೆನ್ನುಮೂಳೆಯ ಮಜ್ಜೆ, ಕೆಳತುದಿಯ ಹತ್ತಿರ ಗುಲ್ಮ (ಸ್ಪ್ಲೀನ್). ಕಿರಣ ಬೀಳುವಾಗ ಅಲ್ಲಿ ಹಾದುಹೋಗುವ ರಕ್ತಕ್ಕೆ ದಿನಾ ಚೂರುಪಾರು ಡೋಸ್ ಸಿಗುತ್ತಾ, ಐದು ವಾರದಲ್ಲಿ ದೇಹದ ರಕ್ತವೆಲ್ಲ ನೆನೆದಂತಾಗುತ್ತದೆ. ಪ್ಲಾನಿಂಗ್‌ನಲ್ಲಿ ಹೃದಯ, ಶ್ವಾಸಕೋಶ, ಗುಲ್ಮಕ್ಕೆ ಬೀಳುವ ಡೋಸ್ ತಗ್ಗಿಸುವುದು ಇದಕ್ಕೂ ಉಪಕಾರಿ. ಗಡ್ಡೆಯ ಆಚೆಗೆ ಕಡಿಮೆ ಡೋಸ್ ಚೆಲ್ಲುವ ಪ್ರೋಟಾನ್ ಚಿಕಿತ್ಸೆಯಲ್ಲಿ ನಾಲ್ಕನೇ ದರ್ಜೆಯ ಕುಸಿತ ಕಡಿಮೆ ಕಂಡಿರುವುದಕ್ಕೂ ಇದೇ ಕಾರಣ.

ಇನ್ನು ಗಡ್ಡೆಯೊಳಗೆ: ತುಂಡಾದ ಡಿಎನ್‌ಎ ಕೋಶಕೇಂದ್ರದಿಂದ ಹೊರಬಿದ್ದಾಗ ಸಿಜಿಎಎಸ್–ಸ್ಟಿಂಗ್ ಎಂಬ ಎಚ್ಚರಿಕೆ ವ್ಯವಸ್ಥೆ ಅದನ್ನು ವೈರಸ್ ಬಂದಂತೆ ಗ್ರಹಿಸಿ ಇಂಟರ್‌ಫೆರಾನ್ ಎಂಬ ಸಂಕೇತ ಪ್ರೋಟೀನನ್ನು ಬಿಡಿಸುತ್ತದೆ. ಸಾಯುವ ಕೋಶ ಕ್ಯಾಲ್‌ರೆಟಿಕ್ಯುಲಿನ್ ಎಂಬ ಪ್ರೋಟೀನನ್ನು ಮೈಮೇಲೆ ತೋರಿಸುತ್ತದೆ. ಕಾವಲು ಕಾಯುವ ಡೆಂಡ್ರೈಟಿಕ್ ಕೋಶ ಆ ಸಾಯುವ ಕೋಶವನ್ನು ನುಂಗಿ, ಹತ್ತಿರದ ದುಗ್ಧಗ್ರಂಥಿಗೆ ಒಯ್ದು, ದಾಳಿ ಮಾಡುವ ಲಿಂಫೋಸೈಟ್‌ಗಳಾದ ಸಿಡಿ8 ಟಿ ಕೋಶಗಳಿಗೆ ಗುರುತು ಹಚ್ಚುತ್ತದೆ. ಆದರೆ ಆ ಟಿ ಕೋಶಗಳು ಬಿಡುವ ಇಂಟರ್‌ಫೆರಾನ್ ಗಾಮಾಕ್ಕೆ ಗಡ್ಡೆ ತನ್ನ ಮೈಮೇಲೆ ಪಿಡಿ–ಎಲ್1 ಎಂಬ ಪ್ರೋಟೀನನ್ನು ಏರಿಸಿ ಅವುಗಳಿಗೇ ಬ್ರೇಕ್ ಹಾಕುತ್ತದೆ. ದಾಳಿಯನ್ನು ತಡೆಯುವ ನಿಯಂತ್ರಕ ಟಿ ಕೋಶಗಳು ರೇಡಿಯೇಶನ್‌ಗೆ ಅಷ್ಟು ಸುಲಭವಾಗಿ ಬಗ್ಗುವುದೂ ಇಲ್ಲ.

ಪ್ರಶ್ನೆ: ರೋಗನಿರೋಧಕ ಶಕ್ತಿಯನ್ನು ಎಚ್ಚರಿಸುವುದರಲ್ಲಿ ಕಿಮೋ ಔಷಧಗಳ ನಡುವೆಯೂ ವ್ಯತ್ಯಾಸ ಇದೆಯೇ?

ಉತ್ತರ: ಇದೆ. ಪ್ರಯೋಗಾಲಯದಲ್ಲಿ ಆಕ್ಸಾಲಿಪ್ಲಾಟಿನ್ ಕ್ಯಾಲ್‌ರೆಟಿಕ್ಯುಲಿನ್ ಚೆನ್ನಾಗಿ ಹೊರತರುತ್ತದೆ, ಸಿಸ್‌ಪ್ಲಾಟಿನ್ ಅಷ್ಟಾಗಿ ಇಲ್ಲ. ಹಾಗಂತ ಇದನ್ನೇ ನೋಡಿ ಔಷಧ ಆರಿಸುವುದಿಲ್ಲ.

ಪ್ರಶ್ನೆ: ಲಿಂಫೋಸೈಟ್ ಏರಿಸುವ ಇಂಜೆಕ್ಷನ್ ಇಲ್ಲವೇ? ಇಮ್ಯುನಿಟಿ ಪುಡಿಗಳು?

ಉತ್ತರ: ಜಿ–ಸಿಎಸ್‌ಎಫ್ ಇಂಜೆಕ್ಷನ್ ಏರಿಸುವುದು ನ್ಯೂಟ್ರೋಫಿಲ್ ಎಂಬ ಬೇರೆ ಬಗೆಯ ಬಿಳಿ ರಕ್ತಕಣ, ಲಿಂಫೋಸೈಟ್ ಅಲ್ಲ. ಎದೆಯ ಮಧ್ಯಭಾಗಕ್ಕೆ ರೇಡಿಯೇಶನ್ ಮತ್ತು ಕಿಮೋ ಒಟ್ಟಿಗೆ ನಡೆಯುವಾಗ ಪ್ಲೇಟ್‌ಲೆಟ್ ತೀವ್ರವಾಗಿ ಕುಸಿಯುವ ಅಪಾಯವಿರುವುದರಿಂದ ಅದನ್ನು ಸಾಮಾನ್ಯವಾಗಿ ಕೊಡುವುದಿಲ್ಲ. ಪುಡಿ ಬೇಡ. ಲಿಂಫೋಸೈಟ್ ತಾನಾಗಿ ಏರಬೇಕು, ತಿಂಗಳುಗಳೇ ಹಿಡಿಯಬಹುದು.

ನಿಮ್ಮ ಕೈಯಲ್ಲಿರುವುದು ಆಹಾರ: ದಿನಕ್ಕೆ ತೂಕದ ಕಿಲೋಗೆ 1.2ರಿಂದ 1.5 ಗ್ರಾಂ ಪ್ರೋಟೀನ್, 25ರಿಂದ 30 ಕಿಲೋಕ್ಯಾಲರಿ (ಮೂತ್ರಪಿಂಡದ ತೊಂದರೆ ಇದ್ದರೆ ಕೇಳಿಯೇ ನಿರ್ಧರಿಸಿ). ನುಂಗಲಾಗದಿದ್ದರೆ ಆಹಾರದ ನಳಿಕೆಯ ಮಾತನ್ನು ಬೇಗ ಎತ್ತಿ, ತೂಕ ಇಳಿದ ಮೇಲಲ್ಲ. ಜ್ವರ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಪ್ಯಾರಾಸಿಟಮಾಲ್ ನುಂಗಿ ಕಾಯದೆ ಕೂಡಲೇ ಆಸ್ಪತ್ರೆಗೆ ಹೋಗಿ. ಜೀವಂತ ವೈರಸ್‌ನ ಲಸಿಕೆ ಈಗ ಬೇಡ.

ರಕ್ತಪರೀಕ್ಷೆ ಡೆಕ್ಸಾಮೆಥಸೋನ್ ಎಂಬ ಸ್ಟೆರಾಯ್ಡ್ ಕೊಡುವ ಮುಂಚೆ ಆಗಲಿ. ಪ್ಯಾಕ್ಲಿಟ್ಯಾಕ್ಸೆಲ್‌ನ ಅಲರ್ಜಿ ತಡೆಗೆ ಅದು ಬೇಕೇ ಬೇಕು, ಆದರೆ ಕೊಟ್ಟ ಮೇಲೆ ಒಂದು ದಿನದ ಮಟ್ಟಿಗೆ ಲಿಂಫೋಸೈಟ್ ಇನ್ನೂ ಕಡಿಮೆ ಕಾಣುತ್ತದೆ.

ಪ್ರಶ್ನೆ: ಇಮ್ಯುನೊಥೆರಪಿ ಯಾವಾಗ?

ಉತ್ತರ: ಗಡ್ಡೆಯನ್ನು ಪೂರ್ತಿ ತೆಗೆದೂ, ತೆಗೆದ ಭಾಗದ ಪೆಥಾಲಜಿ ವರದಿಯಲ್ಲಿ ಜೀವಂತ ಕ್ಯಾನ್ಸರ್ ಉಳಿದಿದ್ದರೆ ನಿವೊಲುಮ್ಯಾಬ್, ಗರಿಷ್ಠ ಒಂದು ವರ್ಷ. 2021ರಲ್ಲಿ ಪ್ರಕಟವಾದ ಚೆಕ್‌ಮೇಟ್ 577 ಪ್ರಯೋಗದಲ್ಲಿ ಕಾಯಿಲೆ ಮರಳದೆ ಕಳೆದ ಮಧ್ಯಕ (ಅರ್ಧದಷ್ಟು ಜನ ದಾಟಿದ) ಅವಧಿ 22.4 ತಿಂಗಳು, ಹುಸಿ ಔಷಧ ಪಡೆದವರಲ್ಲಿ 11. ಪಿಡಿ–ಎಲ್1 ಹಾಕಿದ ಬ್ರೇಕನ್ನು ಸಡಿಲಿಸುವುದು ಇದೇ ಔಷಧ. ಆಗ ಹೊಸ ಒಣಕೆಮ್ಮು, ಏದುಸಿರು ಬಂದರೆ ನೆಗಡಿ ಎಂದುಕೊಳ್ಳಬೇಡಿ. ರೇಡಿಯೇಶನ್ ತಾಗಿದ ಶ್ವಾಸಕೋಶದಲ್ಲಿ ಉರಿಯೂತ ಎದ್ದಿರಬಹುದು, ಸಿ.ಟಿ. ಮಾಡಿಸಿದ ಮೇಲೆಯೇ ಮುಂದಿನ ಡೋಸ್.