ಕೋಕೋಪೀಟ್‌ನಲ್ಲಿ ಟೊಮೆಟೊ ಸಸಿ: ಮೇಲೆ ಒಣಗಿದೆ, ಆದರೂ ಎಲೆ ಜೋತು ಬಿದ್ದಿದೆ. ನೀರು ಕಮ್ಮಿಯಾ, ಜಾಸ್ತಿಯಾ?

ಎಳೆಚಿಗುರು:
ನಮಸ್ಕಾರ. ಟೊಮೆಟೊ, ಮೆಣಸಿನಕಾಯಿ ಸಸಿಗಳನ್ನು ಬರೀ ಕೋಕೋಪೀಟ್‌ನಲ್ಲಿ (ತೆಂಗಿನ ನಾರಿನ ಪುಡಿ) ಬೆಳೆಸುತ್ತಿದ್ದೇನೆ. ಮಣ್ಣು, ಗೊಬ್ಬರ ಏನೂ ಬೆರೆಸಿಲ್ಲ. ಟ್ರೇಯಲ್ಲಿ ಇದ್ದಷ್ಟು ದಿನ ಲಕಲಕ ಅಂತಿದ್ದವು. ಎರಡು ಜೊತೆ ನಿಜವಾದ ಎಲೆ ಬಂದ ಮೇಲೆ ಪದೇ ಪದೇ ಕುಂಡ ಬದಲಾಯಿಸುವ ಕೆಲಸ ಬೇಡ ಅಂತ ನೇರವಾಗಿ 10 ಲೀಟರ್ ಕುಂಡಕ್ಕೆ ಹಾಕಿದೆ. ಅಲ್ಲಿಂದ ಬೆಳವಣಿಗೆ ನಿಂತ ಹಾಗಿದೆ.

ಟೊಮೆಟೊ ಎಲೆಗಳು ಬೆಳಗ್ಗೆಯೇ ಜೋತು ಬಿದ್ದಿರುತ್ತವೆ, ಬಿಸಿಲು ಏರುವ ಮುಂಚೆಯೇ. ಕೆಳಗಿನ ಎಲೆ ತಿಳಿ ಹಳದಿ. ಕೋಕೋಪೀಟ್ ಮೇಲ್ಗಡೆ ಒಣಗಿ ಬಣ್ಣ ತಿಳಿಯಾಗಿರುತ್ತದೆ, ಅದಕ್ಕೇ ದಿನಾ ಒಂದು ಮಗ್ ನೀರು ಹಾಕುತ್ತಿದ್ದೇನೆ. ಕುಂಡದ ತಳದಲ್ಲಿ ತೂತು ಇದೆ, ನೀರು ಬಸಿಯಲಿ ಅಂತ ಜಲ್ಲಿಕಲ್ಲಿನ ಹಾಸು ಕೂಡ ಇದೆ. ಈಗ ಸಣ್ಣ ಕಪ್ಪು ನೊಣಗಳೂ ಹಾರಾಡುತ್ತಿವೆ. ಕೋಕೋಪೀಟ್‌ಗೆ ಎಷ್ಟು ನೀರು ಹಾಕಿದರೂ ಜಾಸ್ತಿ ಆಗಲ್ಲ ಅಂತಾರಲ್ವಾ? ಹಾಗಿದ್ದರೆ ದಿನಕ್ಕೆ ಎರಡು ಸಲ ಹಾಕಲಾ?

ಹಿತ್ತಲಗಿಡ:
ಜೋತು ಬಿದ್ದಿದೆ ಅಂದರೆ ಬಾಯಾರಿದೆ ಅಂತ. ಎರಡು ಸಲ ಹಾಕಿ ನೋಡಿ. ಹಳದಿ ಆಗಿರುವುದಕ್ಕೆ ಒಂದು ಚಮಚ ಯೂರಿಯಾ ಹಾಕಿದರೆ ನಾಲ್ಕು ದಿನದಲ್ಲಿ ಹಸಿರು ಬರುತ್ತದೆ.

ಬೇರುನೋಡಿ:
ದಯವಿಟ್ಟು ಎರಡೂ ಮಾಡಬೇಡಿ. ಯೂರಿಯಾ ಅಂತೂ ಬೇಡವೇ ಬೇಡ. ಅದು ಬಹುಪಾಲು ಮೊದಲು ಅಮೋನಿಯಂ ಆಗಿ, ಆಮೇಲೆ ನೈಟ್ರೇಟ್ ಆದಾಗ ಗಿಡಕ್ಕೆ ಸರಿಯಾಗಿ ದಕ್ಕುತ್ತದೆ. ಆ ಕೆಲಸ ಮಾಡುವ ಸೂಕ್ಷ್ಮಜೀವಿಗಳು ಹೊಸ ಕೋಕೋಪೀಟ್‌ನಲ್ಲಿ ಎಷ್ಟಿರುತ್ತವೆ ಹೇಳಿ? ನೋಯುತ್ತಿರುವ ಬೇರಿಗೆ ಒಂದು ಚಮಚ ಯೂರಿಯಾ ಸುರಿದರೆ ಉರಿ ಜಾಸ್ತಿ ಆಗುತ್ತದೆ, ಅಷ್ಟೇ.

ಬೇರೆಯವರಿಗೆ ಸಸಿ ಬೆಳೆಸಿ ಕೊಡುವುದು ನನ್ನ ಕೆಲಸ. ಎಲೆ ನೋಡಿ ಬೇರಿನ ಭವಿಷ್ಯ ಹೇಳುವವರ ಜೊತೆ ನನಗೆ ಯಾವಾಗಲೂ ಜಗಳ. "ಕೋಕೋಪೀಟ್‌ಗೆ ನೀರು ಜಾಸ್ತಿ ಆಗಲ್ಲ" ಅನ್ನುವ ಮಾತಿದೆಯಲ್ಲ, ಅದು ಅರ್ಧ ಮಾತು. ಬೇರು ಕುಂಡದ ತುಂಬ ಹರಡಿದ ದೊಡ್ಡ ಗಿಡಕ್ಕೆ ಅದು ನಿಜ. ನಾಲ್ಕು ಎಲೆಯ ಸಸಿಗೆ ಸುಳ್ಳು.

ಯಾಕೆ ಅಂತ ಹೇಳುತ್ತೇನೆ. 10 ಲೀಟರ್ ಕೋಕೋಪೀಟ್ ಚೆನ್ನಾಗಿ ನೆನೆದು ಬಸಿದ ಮೇಲೂ 5 ಲೀಟರ್‌ಗಿಂತ ಹೆಚ್ಚು ನೀರು ಹಿಡಿದಿರುತ್ತದೆ. ನಿಮ್ಮ ಸಸಿ ದಿನಕ್ಕೆ ಕುಡಿಯುವುದು ಕೆಲವೇ ಚಮಚ. ಅದರ ಬೇರು ಇರುವುದು ನಡುವೆ ಒಂದು ನಿಂಬೆಹಣ್ಣಿನಷ್ಟು ಜಾಗದಲ್ಲಿ. ಉಳಿದ ನೀರನ್ನು ಎಳೆಯುವವರು ಯಾರೂ ಇಲ್ಲ, ಅದು ಅಲ್ಲೇ ಕೂತಿರುತ್ತದೆ. ಮೇಲಿನ ಒಂದೆರಡು ಸೆಂಟಿಮೀಟರ್ ಗಾಳಿಗೆ ಒಣಗಿ ಬಣ್ಣ ತಿಳಿಯಾಗುತ್ತದೆ. ಅದನ್ನು ನೋಡಿ ನಾವು ಮಗ್ ಎತ್ತುತ್ತೇವೆ. ಕೋಕೋಪೀಟ್‌ನಲ್ಲಿ ಮೇಲ್ಮೈ ಬಣ್ಣದಷ್ಟು ದೊಡ್ಡ ಸುಳ್ಳುಗಾರ ಇನ್ನೊಂದಿಲ್ಲ.

ಹಾಗಾದರೆ ಒದ್ದೆಯಲ್ಲೇ ನಿಂತ ಸಸಿ ಜೋತು ಬೀಳುವುದು ಯಾಕೆ? ಬೇರಿಗೂ ಉಸಿರಾಟ ಬೇಕು. ಆಮ್ಲಜನಕ ನೀರಿನಲ್ಲಿ ಹರಡುವುದು ಗಾಳಿಗಿಂತ ಸುಮಾರು 10,000 ಪಟ್ಟು ನಿಧಾನ. ಸಂದುಗಳೆಲ್ಲ ನೀರಿನಿಂದ ತುಂಬಿಕೊಂಡರೆ ಬೇರಿಗೆ ಉಸಿರು ಕಟ್ಟುತ್ತದೆ, ನೀರು ಎಳೆಯುವ ಶಕ್ತಿಯೇ ಹೋಗುತ್ತದೆ. ಬಿಸಿಯಾದಷ್ಟೂ ಕಷ್ಟ ಜಾಸ್ತಿ. 20 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಲೀಟರ್‌ಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಕರಗಿದರೆ, 30 ಡಿಗ್ರಿಯಲ್ಲಿ ಸುಮಾರು 7.5 ಮಾತ್ರ. ಬೇರು ಕೇಳುವುದು ಮಾತ್ರ ಬಿಸಿಯಲ್ಲೇ ಹೆಚ್ಚು. ಕಪ್ಪು ಕುಂಡ ಬಿಸಿಲಿಗೆ ಕಾಯುತ್ತಿದ್ದರೆ ಇನ್ನೇನು ಹೇಳಲಿ.

ಬಾಯಾರಿದ ಸಸಿ ಮಧ್ಯಾಹ್ನ ಬಾಡಿ ರಾತ್ರಿ ಚೇತರಿಸಿಕೊಳ್ಳುತ್ತದೆ. ಎಲೆ ತೆಳ್ಳಗೆ, ಜೀವವಿಲ್ಲದಂತೆ ನೇತಾಡುತ್ತದೆ, ಕುಂಡ ಹಗುರ. ನಿಮ್ಮದು ಬೆಳಗ್ಗೆಯೇ ಜೋತು ಬಿದ್ದಿದೆ ಅಂದಿರಿ, ನನಗೆ ಅನುಮಾನ ಬಂದದ್ದೇ ಅಲ್ಲಿ.

ಜಲ್ಲಿಕಲ್ಲಿನ ವಿಷಯ. ಅದರಿಂದ ನೀರು ಬೇಗ ಬಸಿಯುವುದಿಲ್ಲ. ಯಾವ ಕುಂಡದಲ್ಲೇ ಆದರೂ ಕೋಕೋಪೀಟ್‌ನ ತಳದಲ್ಲಿ ಒಂದಿಷ್ಟು ಎತ್ತರ ನೀರು ತುಂಬಿ ನಿಲ್ಲುತ್ತದೆ. ಸಣ್ಣ ಸಂದುಗಳು ಅದನ್ನು ಹಿಡಿದುಕೊಂಡಿರುತ್ತವೆ, ಕೆಳಗಿನ ದಪ್ಪ ಕಲ್ಲಿಗೆ ಬಿಟ್ಟುಕೊಡುವುದಿಲ್ಲ. ಕಲ್ಲು ಹಾಕಿದರೆ ಆ ಒದ್ದೆ ಪದರ ಬೇರಿನ ಹತ್ತಿರಕ್ಕೆ ಮೇಲೇರುತ್ತದೆ ಅಷ್ಟೇ. ನಂಬಿಕೆ ಬರದಿದ್ದರೆ ಒಂದು ಸಣ್ಣ ಕುಂಡ ತಗೊಳ್ಳಿ, ಕಲ್ಲು ಹಾಕದೆ ಕೋಕೋಪೀಟ್ ತುಂಬಿ ನೀರು ಹಾಕಿ, ತೊಟ್ಟಿಕ್ಕುವುದು ಪೂರ್ತಿ ನಿಲ್ಲಲಿ. ಆಮೇಲೆ ಕುಂಡವನ್ನು ಒಂದು ಕಡೆಗೆ ಓರೆ ಮಾಡಿ ಹಿಡಿಯಿರಿ. ತೂತಿನಿಂದ ಮತ್ತೆ ನೀರು ಹರಿಯುತ್ತದೆ. ಅಷ್ಟೂ ನೀರು ತಳದಲ್ಲಿ ನಿಂತಿದ್ದದ್ದು. ನೀರು ಹಾಕಿದ ಮೇಲೆ ಸಣ್ಣ ಕುಂಡಗಳನ್ನು ಓರೆ ಮಾಡಿ ಬಸಿಯುವುದು ನನಗೆ ಈಗ ಕೈಗೆ ಕೂತ ಅಭ್ಯಾಸ.

ಹಳದಿಗೆ ಬೇರೆ ಕಾರಣವೂ ಇದ್ದೀತು. ಕೋಕೋಪೀಟ್‌ನಲ್ಲಿ ಪೊಟ್ಯಾಸಿಯಂ ಬಿಟ್ಟರೆ ಊಟ ಅಂತ ಹೇಳುವಂಥದ್ದು ಏನೂ ಇಲ್ಲ. ಬರೀ ನೀರು ಹಾಕುತ್ತಿದ್ದರೆ ಬೀಜದ ಎಲೆಯಲ್ಲಿದ್ದದ್ದು ಖರ್ಚಾದ ಮೇಲೆ ಸಸಿ ಉಪವಾಸ. ಅದು ಆಮೇಲೆ ನೋಡೋಣ. ಮೊದಲು ಒಂದು ಸಸಿಯನ್ನು ಸುತ್ತಲಿನ ಕೋಕೋಪೀಟ್ ಸಮೇತ ಮೆಲ್ಲಗೆ ಎತ್ತಿ, ಬೇರಿನ ಬಣ್ಣ ಏನು, ಹಿಡಿದರೆ ಹೇಗಿದೆ, ವಾಸನೆ ಏನು, ಮೂರೂ ಬರೆಯಿರಿ.

ಎಳೆಚಿಗುರು:
ಎತ್ತಿ ನೋಡಿದೆ. ಮೇಲೆ ಅಷ್ಟು ಒಣಗಿತ್ತು, ಬೆರಳು ಉದ್ದ ಕೆಳಗೆ ಹಿಂಡಿದರೆ ನೀರು ತೊಟ್ಟಿಕ್ಕುತ್ತದೆ! ಬೇರು ಬಹುಪಾಲು ತಿಳಿ ಕಂದು. ತುದಿಯಲ್ಲಿ ಕೆಲವು ಬಿಳಿ. ಕೆಳಗಡೆಯ ಎರಡು ಮೂರು ಬೇರು ಗಾಢ ಕಂದು, ಎಳೆದರೆ ಸಿಪ್ಪೆ ಜಾರಿ ಬಂದು ಒಳಗೆ ದಾರದಂಥದ್ದು ಉಳಿಯಿತು. ವಾಸನೆ ಕೆಳಗೆ ಸ್ವಲ್ಪ ಕೆಸರಿನ ಹಾಗೆ. ಸತ್ತು ಹೋಯಿತಾ? ಹೈಡ್ರೋಜನ್ ಪೆರಾಕ್ಸೈಡ್ ಹಾಕಿದರೆ ಸರಿ ಹೋಗುತ್ತದೆ ಅಂತ ಒಬ್ಬರು ಹೇಳಿದರು.

ಬೇರುನೋಡಿ:
ಸತ್ತಿಲ್ಲ. ತುದಿ ಬಿಳಿ ಇದೆ ಅಂದರೆ ಬೇರು ಇನ್ನೂ ಹೊಸದಾಗಿ ಬೆಳೆಯುತ್ತಿದೆ.

ತಿಳಿ ಕಂದು ನೋಡಿ ಗಾಬರಿ ಬೇಡ. ಕೋಕೋಪೀಟ್‌ನಿಂದ ಇಳಿಯುವ ಟ್ಯಾನಿನ್ ಬಣ್ಣ ಬೇರಿಗೆ ಹತ್ತುತ್ತದೆ, ಗಟ್ಟಿಯಾಗಿದ್ದರೆ ಅದು ಒಳ್ಳೆಯ ಬೇರೇ. ಸಿಪ್ಪೆ ಜಾರಿ ದಾರ ಉಳಿದದ್ದು ಮಾತ್ರ ಕೊಳೆ. ಪಿಥಿಯಮ್ ಅನ್ನುವ ರೋಗಾಣುವಿನ ಗುರುತು ಹೀಗೇ ಇರುತ್ತದೆ, ಒದ್ದೆ ಹೆಚ್ಚಾಗಿ ಗಾಳಿ ಕಮ್ಮಿ ಆದಲ್ಲಿ ಅದಕ್ಕೆ ಹಬ್ಬ. ಆ ಬೇರುಗಳನ್ನು ಶುದ್ಧ ಕತ್ತರಿಯಿಂದ ತೆಗೆದುಬಿಡಿ. ಪೆರಾಕ್ಸೈಡ್ ಒಂದು ಗಳಿಗೆ ನೊರೆ ಬಂದು ಮುಗಿಯುತ್ತದೆ. ಒದ್ದೆ ಹಾಗೇ ಇದ್ದರೆ ರೋಗ ಮತ್ತೆ ಹಾಜರ್.

ಸಸಿಯನ್ನು ಸಣ್ಣ ಕುಂಡಕ್ಕೆ ಇಳಿಸಿ. ಅರ್ಧ ಲೀಟರ್ ಸಾಕು, ಹೆಚ್ಚೆಂದರೆ ಒಂದು. ಹೊಸ ಕೋಕೋಪೀಟ್ ಜರಡಿ ಹಿಡಿದು ನುಣ್ಣನೆ ಧೂಳು ತೆಗೆಯಿರಿ, ಸಂದು ಮುಚ್ಚುವುದೇ ಆ ಧೂಳು. ಕಾಲು ಭಾಗ ಪರ್ಲೈಟ್ (ಬಿಳಿ, ಹಗುರ ಕಲ್ಲಿನ ಅರಳು) ಸೇರಿಸಿ. ತುಂಬುವಾಗ ಹೆಬ್ಬೆರಳಿನಲ್ಲಿ ಒತ್ತಬೇಡಿ, ಕುಂಡವನ್ನು ನೆಲಕ್ಕೆ ಒಂದೆರಡು ಸಲ ತಟ್ಟಿದರೆ ತಾನೇ ಕೂರುತ್ತದೆ. ಚೀಲದ ಮೇಲೆ ತೊಳೆದದ್ದು, ಬಫರ್ ಮಾಡಿದ್ದು (ಕ್ಯಾಲ್ಸಿಯಂ ನೀರಿನಲ್ಲಿ ನೆನೆಸಿದ್ದು) ಅಂತ ಇದೆಯಾ ನೋಡಿ. ಇಲ್ಲದಿದ್ದರೆ ಅದರಲ್ಲಿ ಸೋಡಿಯಂ, ಪೊಟ್ಯಾಸಿಯಂ ತುಂಬಿರುತ್ತದೆ. ನೀವು ಕೊಡುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದುಕೊಂಡು ಆ ಸೋಡಿಯಂ, ಪೊಟ್ಯಾಸಿಯಂ ಬಿಡುತ್ತದೆ. ಬರೀ ನೀರಿನಲ್ಲಿ ತೊಳೆದರೆ ಕರಗಿದ ಉಪ್ಪು ಹೋಗುತ್ತದೆ, ಅಂಟಿಕೊಂಡದ್ದು ಹೋಗಲ್ಲ. ಕ್ಯಾಲ್ಸಿಯಂ ನೈಟ್ರೇಟ್ ನೀರಿನಲ್ಲಿ ಒಂದು ರಾತ್ರಿ ನೆನೆಸಿ, ಬಸಿದು, ಆಮೇಲೆ ತೊಳೆಯಿರಿ.

ಇನ್ನು ನೀರು. ಬೆರಳು, ಬಣ್ಣ ಎಲ್ಲ ಬಿಡಿ, ಅಡುಗೆಮನೆ ತಕ್ಕಡಿ ತನ್ನಿ. ಕುಂಡವನ್ನು ಪೂರ್ತಿ ನೆನೆಸಿ, ಬಸಿದ ಮೇಲೆ ತೂಗಿ ಕುಂಡದ ಮೇಲೆಯೇ ಬರೆಯಿರಿ. ಒಂದು ಲೀಟರ್ ಕುಂಡ 800 ಗ್ರಾಂ ಇತ್ತು ಅಂತಿಟ್ಟುಕೊಳ್ಳಿ. ಕೆಲವು ದಿನ ಬಿಟ್ಟು 550 ಆಗಿದ್ದರೆ 250 ಮಿಲಿಲೀಟರ್ ಹೋಗಿದೆ ಅಂತಲೇ ಅರ್ಥ, ನೀರಿಗೆ ಗ್ರಾಂ, ಮಿಲಿಲೀಟರ್ ಒಂದೇ. ಹಿಡಿದ ನೀರಿನಲ್ಲಿ ಮೂರರಲ್ಲಿ ಒಂದು ಪಾಲಿನಿಂದ ಅರ್ಧದವರೆಗೆ ಖಾಲಿಯಾದಾಗ ಮತ್ತೆ ಹಾಕಿ. ಹಾಕುವಾಗ ಕೈ ಹಿಡಿಯಬೇಡಿ, ತಳದಿಂದ ಹತ್ತರಲ್ಲಿ ಒಂದೆರಡು ಪಾಲು ಹೊರಗೆ ಬರಲಿ. ಆ ತಟ್ಟೆಯ ನೀರು ಚೆಲ್ಲಿ, ಕುಂಡ ಅದರಲ್ಲಿ ನಿಲ್ಲಬಾರದು. ಸ್ವಲ್ಪ ದಿನಕ್ಕೆ ಕೈಗೇ ತೂಕ ಗೊತ್ತಾಗುತ್ತದೆ, ತಕ್ಕಡಿ ಬೇಕಾಗಲ್ಲ.

ಹಾಗಂತ ಪೂರ್ತಿ ಒಣಗಿಸಲೂ ಬೇಡಿ. ನೀರು ಆರಿದಂತೆ ಗೊಬ್ಬರದ ಉಪ್ಪು ಉಳಿದ ನೀರಿನಲ್ಲಿ ಗಟ್ಟಿಯಾಗುತ್ತದೆ, ಎಳೆ ಬೇರಿನ ತುದಿ ಸುಡುತ್ತದೆ.

ಊಟಕ್ಕೆ ಹೈಡ್ರೋಪೋನಿಕ್ಸ್ ಗೊಬ್ಬರ ತೆಳುವಾಗಿ, ಪ್ರತಿ ಸಲದ ನೀರಿನಲ್ಲೂ. ಇಸಿ ಮೀಟರ್ (ನೀರಿನಲ್ಲಿ ಕರಗಿದ ಉಪ್ಪು ಅಳೆಯುವುದು) ಇದ್ದರೆ ನಿಮ್ಮ ನೀರಿನದ್ದೂ ಸೇರಿ 0.8ರಿಂದ 1.0 mS/cm, ಪಿಹೆಚ್ 5.8ರಿಂದ 6.2. ಹಳದಿ ಆದ ಹಳೆ ಎಲೆ ವಾಪಸ್ ಹಸಿರಾಗದೆ ಇರಬಹುದು, ಅದನ್ನೇ ನೋಡುತ್ತಾ ಕೂರಬೇಡಿ. ಹೊಸ ಎಲೆ ಯಾವ ಬಣ್ಣದಲ್ಲಿ ಬರುತ್ತಿದೆ ನೋಡಿ.

ಆ ನೊಣಗಳು ಫಂಗಸ್ ನ್ಯಾಟ್. ಹಾರುವುದು ನಿರುಪದ್ರವಿ, ಮರಿಹುಳು ಎಳೆ ಬೇರಿನ ರೋಮ ತಿನ್ನುತ್ತದೆ. ಆಲೂಗಡ್ಡೆ ಬಿಲ್ಲೆಯೊಂದನ್ನು ಕೋಕೋಪೀಟ್ ಮೇಲೆ ಒತ್ತಿಟ್ಟು ಎರಡು ದಿನ ಬಿಟ್ಟು ತಿರುವಿ ನೋಡಿ. ಗಾಜಿನಂಥ ಮೈ, ಚುಕ್ಕೆಯಷ್ಟು ಕಪ್ಪು ತಲೆಯ ಹುಳು ಕಂಡರೆ ಅದೇ. ಹಳದಿ ಅಂಟುಹಾಳೆ ಹಾರುವುದನ್ನು ಹಿಡಿಯುತ್ತದೆ. ಹುಳಕ್ಕೆ ಬಿಟಿಐ (ಮರಿಹುಳು ಕೊಲ್ಲುವ ಬ್ಯಾಕ್ಟೀರಿಯಾದ ಔಷಧಿ) ನೀರಿನಲ್ಲಿ ಬೆರೆಸಿ ಹಾಕಿ. ಮೇಲ್ಪದರ ಆಗಾಗ ಒಣಗಿದರೆ ಮೊಟ್ಟೆ ಇಡಲು ಅವಕ್ಕೆ ಜಾಗವೇ ಸಿಗಲ್ಲ.

ಡ್ರಿಪ್‌ಮನೆ:
ಒಪ್ಪಲ್ಲ. ಪಾಲಿಹೌಸ್‌ನಲ್ಲಿ ನಾವು ಕೋಕೋ ಚೀಲಕ್ಕೆ ಬಿಸಿಲಿದ್ದಾಗ ದಿನಕ್ಕೆ ಏಳೆಂಟು ಸಲ ಬಿಡುತ್ತೇವೆ. ಬೇರು ಬಿಳಿ ಬಿಳಿ. ಸುಮ್ನೆ ಜನರನ್ನು ಹೆದರಿಸಬೇಡಿ.

ಬೇರುನೋಡಿ:
ನಿಮ್ಮದೂ ಸರಿ. ನಿಮ್ಮ ಗಿಡ ಆಳೆತ್ತರ, ಬೇರು ಚೀಲದ ಮೂಲೆ ಮೂಲೆಗೂ ಹೋಗಿದೆ. ಒಂದು ಸಲ ಬಿಟ್ಟ ನೀರನ್ನು ಒಂದೆರಡು ಗಂಟೆಯಲ್ಲಿ ಎಳೆದುಕೊಳ್ಳುತ್ತದೆ, ಆ ಜಾಗಕ್ಕೆ ಗಾಳಿ ಬರುತ್ತದೆ. ರಾತ್ರಿ ನೀವೂ ನಿಲ್ಲಿಸುತ್ತೀರಿ ಅಲ್ವಾ? ಅದೇ ಚೀಲದಲ್ಲಿ ನಾಲ್ಕೆಲೆಯ ಸಸಿ ನೆಟ್ಟು ಏಳೆಂಟು ಸಲ ಬಿಟ್ಟು ನೋಡಿ, ಆಮೇಲೆ ಮಾತಾಡೋಣ.

ಡ್ರಿಪ್‌ಮನೆ:
ನೆಟ್ಟ ಹೊಸದರಲ್ಲಿ ನಾವೂ ಕಮ್ಮಿಯೇ ಬಿಡುತ್ತೇವೆ, ಅದು ಹೌದು.

ಎಳೆಚಿಗುರು:
ಟೊಮೆಟೊ ಎಲ್ಲ ಅರ್ಧ ಲೀಟರ್‌ಗೆ ಇಳಿಸಿದೆ. ಕಲ್ಲು ಹೊರಗೆ. ಆಲೂಗಡ್ಡೆ ಅಡಿಯಲ್ಲಿ ಹುಳು ಸಿಕ್ಕವು, ನೋಡಿ ಮೈ ಜುಮ್ಮೆಂದಿತು. ಎರಡು ಪ್ರಶ್ನೆ. ಮೆಣಸಿನಕಾಯಿ ಸಸಿ ಜೋತು ಬಿದ್ದಿಲ್ಲ, ಅದನ್ನೂ ಇಳಿಸಲಾ? ಮತ್ತೆ ದೊಡ್ಡ ಕುಂಡಕ್ಕೆ ಯಾವಾಗ?

ಬೇರುನೋಡಿ:
ಇಳಿಸಿ. ಮೆಣಸಿನಕಾಯಿ ಬೇರು ಟೊಮೆಟೊಗಿಂತ ನಿಧಾನ, ದೊಡ್ಡ ಕುಂಡದ ಒದ್ದೆ ಅದಕ್ಕೆ ಇನ್ನೂ ಕಷ್ಟ. ಇವತ್ತು ಜೋತು ಬಿದ್ದಿಲ್ಲ ಅಷ್ಟೇ.

ದೊಡ್ಡ ಕುಂಡಕ್ಕೆ ದಿನ ಲೆಕ್ಕ ಇಟ್ಟುಕೊಳ್ಳಬೇಡಿ. ಬೆರಳುಗಳ ನಡುವೆ ಕಾಂಡ ಹಿಡಿದು ಕುಂಡ ಬೋರಲು ಮಾಡಿ ಮೆಲ್ಲಗೆ ತಟ್ಟಿ. ಮುದ್ದೆ ಉದುರದೆ ಹೊರಗೆ ಬಂದು, ಅಂಚಿನಲ್ಲೆಲ್ಲ ಬಿಳಿ ಬೇರು ಕಂಡರೆ 2 ಅಥವಾ 3 ಲೀಟರ್‌ಗೆ ಹೋಗಬಹುದು. ಅರ್ಧ ಪುಡಿ ಉದುರಿದರೆ ವಾಪಸ್ ಇಟ್ಟು ಇನ್ನೊಂದು ವಾರ ಬಿಡಿ. ಬೇರು ಸುತ್ತಿಕೊಂಡು ತಳದಲ್ಲಿ ಚಾಪೆ ಆಗುವವರೆಗೂ ಕಾಯಬೇಡಿ. ಆ ಹಳೆ ಕೋಕೋಪೀಟ್ ಇದೆಯಲ್ಲ, ಅದನ್ನು ಸಸಿಗೆ ಮತ್ತೆ ಬಳಸಬೇಡಿ, ಕಾಂಪೋಸ್ಟ್ ಗುಂಡಿಗೆ ಹಾಕಿ.